ಹಿಂದಿನ ಎಡಗಡೆ ಬಾಗಿಲು

ನನಗೊಂದು ವಿಚಿತ್ರ ಅಭ್ಯಾಸವಿದೆ. ಯಾರ ಕಾರೇ ಆಗಲಿ, ಹತ್ತಿ ಕೂತು ಬಾಗಿಲು ಹಾಕಿಕೊಂಡ ಮೇಲೆ ಅದನ್ನೊಮ್ಮೆ ಒಳಗಿನಿಂದ ಭುಜ ಕೊಟ್ಟು ದೂಡಿ ನೋಡುತ್ತೇನೆ. ಇಳಿದ ಮೇಲಾದರೂ ಸುಮ್ಮನೆ ಹೋಗುತ್ತೇನೆಯೇ ಅಂದರೆ ಅದೂ ಇಲ್ಲ. ಬಾಗಿಲಿಗೂ ಕಾರಿನ ಮೈಗೂ ನಡುವೆ ಇರುವ ಸಂದಿಯಲ್ಲಿ ಉಗುರು ಆಡಿಸಿ, ಮೇಲಿಂದ ಕೆಳಗಿನವರೆಗೆ ಒಂದೇ ಸಮ ಇದೆಯೋ ಇಲ್ಲವೋ ಎಂದು ಪರೀಕ್ಷೆ ಮಾಡುತ್ತೇನೆ. ಮೊನ್ನೆ ಬಾಡಿಗೆ ಕಾರಿನ ಹುಡುಗನೊಬ್ಬ ಇದನ್ನು ನೋಡಿ, ಮುದುಕಿ ತನ್ನ ಹೊಸ ಕಾರಿಗೆ ಗೀರು ಹಾಕುತ್ತಿದ್ದಾಳೆಂದು ತಿಳಿದು ಓಡಿ ಬಂದ. ಸಂದಿ ನೋಡುತ್ತಿದ್ದೇನೆ ಕಣಪ್ಪ ಎಂದೆ. ಅವನು ನನ್ನ ಸೊಸೆಯ ಮುಖ ನೋಡಿದ. ವಯಸ್ಸಾಗಿದೆ, ಮನಸ್ಸಿಗೆ ಹಚ್ಚಿಕೊಳ್ಳಬೇಡ ಎನ್ನುವಂತೆ ಅವಳು ಕಣ್ಣಲ್ಲೇ ಏನೋ ಹೇಳಿದಳು. ನಾನು ಕಂಡರೂ ಕಾಣದವಳ ಹಾಗೆ ಸೆರಗು ಸರಿಮಾಡಿಕೊಂಡೆ.

ಹಾಗೆ ನೋಡಿದರೆ ಈಗಿನ ಕಾರುಗಳ ಸಂದಿಯಲ್ಲಿ ನೋಡಲಿಕ್ಕೆ ಏನೂ ಇಲ್ಲ. ಎಲ್ಲಿ ಅಳೆದರೂ ಅಷ್ಟೇ ಅಗಲ. ಬಾಗಿಲು ಎಳೆದರೆ ‘ಡಬ್’ ಎಂದು ಮೆತ್ತಗೆ ಕೂತುಬಿಡುತ್ತದೆ. ಎಲ್ಲವೂ ಸರಿಯಾಗಿರುವ ಕಡೆ ನನ್ನಂಥವಳಿಗೆ ಸ್ವಲ್ಪ ಬೇಜಾರೇ ಆಗುತ್ತದೆ.

ಕಾರಿನ ಬಾಗಿಲಿನ ಬಗ್ಗೆ ಮಾತಾಡಲಿಕ್ಕೆ ಇವಳಿಗೆ ಯಾವ ಅಧಿಕಾರ ಎಂದು ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ನನಗೆ ಕಾರು ಓಡಿಸಲು ಬರುವುದಿಲ್ಲ. ಸೈಕಲ್ಲು ಕೂಡ ಬರುವುದಿಲ್ಲ. ಹೊಸನಗರದ ನನ್ನ ತವರಿನಲ್ಲಿ ಎತ್ತಿನ ಗಾಡಿಗಿಂತ ಹೆಚ್ಚಿನ ವಾಹನ ಇರಲಿಲ್ಲ, ಅದಕ್ಕೆ ಬಾಗಿಲೇ ಇರಲಿಲ್ಲ. ಆದರೆ ಮದುವೆಯಾದ ಹೊಸತರಲ್ಲಿ, ಹೆಚ್ಚು ಕಡಿಮೆ ಒಂದು ವರ್ಷ ಪೂರ್ತಿ, ಕಾರಿನ ಬಾಗಿಲು ಬಿಟ್ಟು ಬೇರೆ ಮಾತೇ ಇಲ್ಲದ ಮನೆಯಲ್ಲಿ ನಾನು ಸಂಸಾರ ಮಾಡಿದ್ದೇನೆ. ಆ ಅನುಭವ ಸಣ್ಣದಲ್ಲ.

ಅರವತ್ತರ ದಶಕದ ಮಾತು. ನಮ್ಮವರು ಅಣೆಕಟ್ಟಿನ ಕೆಲಸದಲ್ಲಿ ಓವರ್‌ಸಿಯರ್ ಆಗಿದ್ದರು. ಸಾಗರದಲ್ಲಿ ನಮ್ಮ ಬಾಡಿಗೆ ಮನೆ. ಆಗಿನ ಸಾಗರವೆಂದರೆ ದಿನವಿಡೀ ಸಿಮೆಂಟಿನ ಲಾರಿ, ಜೀಪು, ಕೆಂಪು ಧೂಳು. ಹೋಟೆಲಿನಲ್ಲಿ ಕಾಫಿ ಕುಡಿಯುವವರೂ ಕಲ್ಲು, ಜಲ್ಲಿ, ಗೋಡೆಯ ಎತ್ತರದ ಮಾತಾಡುತ್ತಿದ್ದರು. ಮನೆಯ ಪಕ್ಕದಲ್ಲಿ ಹಳೆಯ ಮಾಲೀಕರು ಸೌದೆ ಒಟ್ಟಲು ಕಟ್ಟಿಸಿದ್ದ ಉದ್ದನೆಯ ಒಂದು ಶೆಡ್ಡಿತ್ತು. ಖಾಲಿ ಜಾಗ ಕಂಡರೆ ನಮ್ಮವರಿಗೆ ಕೈ ಕಡಿಯುತ್ತಿತ್ತು. ಅದರಲ್ಲಿ ಏನಾದರೂ ತಂದು ಬಿಚ್ಚಿ ಹಾಕದಿದ್ದರೆ ಸಮಾಧಾನವಿಲ್ಲ. ಹೀಗೆ ಯೋಚಿಸುತ್ತಿದ್ದಾಗ ಅವರಿಗೆ ಅಪ್ಪನ ಕಾರು ನೆನಪಾಯಿತು.

ಅಪ್ಪ ಎಂದರೆ ನನ್ನ ಮಾವ, ತೀರ್ಥಹಳ್ಳಿಯಲ್ಲಿ ವಕೀಲರು. ಬಹಳ ಹಿಂದೆ, ತನ್ನ ದೇಶಕ್ಕೆ ಹೊರಟು ನಿಂತಿದ್ದ ಕಾಫಿ ತೋಟದ ದೊರೆಯೊಬ್ಬನಿಂದ ಅವರೊಂದು ವಿಲಾಯಿತಿ ಕಾರು ಕೊಂಡಿದ್ದರು. ಕಾರಿನ ಮೈಯೆಲ್ಲ ಕಬ್ಬಿಣ ಎಂದು ನೀವು ತಿಳಿದುಕೊಂಡಿದ್ದರೆ ಆ ಕಾರು ನಿಮಗೆ ಮೋಸ ಮಾಡುತ್ತಿತ್ತು. ಕೆಳಗೆ ಕಬ್ಬಿಣದ ಚಾಸಿ ನಿಜ, ಆದರೆ ಅದರ ಮೇಲಿನ ಕಂಬ, ಅಡ್ಡೆ, ಬಾಗಿಲಿನ ಚೌಕಟ್ಟು ಎಲ್ಲವೂ ಮರ. ಮರದ ಮೇಲೆ ತೆಳ್ಳಗಿನ ತಗಡು ಹೊದಿಸಿ, ಅಂಚು ಮಡಿಸಿ, ಮೊಳೆ ಹೊಡೆದು ಬಣ್ಣ ಬಳಿದಿದ್ದರು. ಯುದ್ಧದ ಕಾಲದಲ್ಲಿ ಪೆಟ್ರೋಲು ಸಿಗದಾದಾಗ ಮಾವ ಅದನ್ನು ಮರದ ದಿಮ್ಮಿಗಳ ಮೇಲೆ ಏರಿಸಿ ಮನೆ ಹಿಂದೆ ನಿಲ್ಲಿಸಿದವರು ಮತ್ತೆ ಇಳಿಸಲಿಲ್ಲ. ಪೆಟ್ರೋಲು ಒಂದು ಕಾರಣ. ಇನ್ನೊಂದು ಕಾರಣ ನನ್ನ ಅತ್ತೆ.

ಅತ್ತೆ ಕಾರಿನಿಂದ ಬಿದ್ದ ಕಥೆಯನ್ನು ನಾನು ಮದುವೆಯಾಗಿ ಹೋದ ವಾರದಲ್ಲೇ ಕೇಳಿದೆ. ಹೇಳಿದವರು ಮಾವನೇ. ಮನೆಗೆ ಹೊಸಬರು ಯಾರು ಬಂದರೂ ಊಟವಾದ ಮೇಲೆ ಎಲೆಯಡಿಕೆ ಹಾಕಿಕೊಳ್ಳುತ್ತ ಆ ಕಥೆ ಹೇಳುವುದು ವಾಡಿಕೆಯಂತೆ. ಒಂದು ಬೇಸಿಗೆಯಲ್ಲಿ ಯಾರದೋ ಮನೆಯ ಉಪನಯನಕ್ಕೆಂದು ಗಂಡ ಹೆಂಡತಿ ಹೊಸನಗರದ ದಾರಿಯಲ್ಲಿ ಹೊರಟಿದ್ದರು. ಮಾವ ಡ್ರೈವರನ ಪಕ್ಕದಲ್ಲಿ, ಅತ್ತೆ ಹಿಂದಿನ ಸೀಟಿನ ಎಡಗಡೆ. ಒಂದು ತಿರುವಿನಲ್ಲಿ ಅತ್ತೆಯ ಪಕ್ಕದ ಬಾಗಿಲು ಹಾರಿ ತೆರೆದುಕೊಂಡಿತು. ಅತ್ತೆ ಉರುಳಿ ಲಂಟಾನದ ಪೊದೆಗೆ ಬಿದ್ದರು. ಮಾವ ಇದನ್ನೆಲ್ಲ ಕೈಬಾಯಿ ಮಾಡಿ ವರ್ಣಿಸಿ, ಕೊನೆಗೆ, “ಕೋರ್ಟಲ್ಲಿ ಎಷ್ಟೋ ಜನರ ಬಾಯಿ ಮುಚ್ಚಿಸಿದೀನಿ. ಇವಳಿಗೆ ಒಂದು ಬಾಗ್ಲು ಮುಚ್ಚೋದು ಕಲ್ಸಕ್ಕಾಗ್ಲಿಲ್ಲ ನೋಡಿ” ಎನ್ನುತ್ತಿದ್ದರು. ಕೂತವರೆಲ್ಲ ನಗುತ್ತಿದ್ದರು. ನಾನೂ ನಕ್ಕೆ. ಹೊಸ ಸೊಸೆ, ನಗದಿದ್ದರೆ ಹೇಗೆ.

ಅತ್ತೆಯೂ ನಗುತ್ತಿದ್ದರು. ಆದರೆ ಅವರ ನಗು ಎಲ್ಲರದಾದ ಮೇಲೆ ಬರುತ್ತಿತ್ತು. ಅವರ ಎಡಗೈ ಮಣಿಕಟ್ಟು ಸೊಟ್ಟಗಿತ್ತು. ಅವತ್ತು ಬಿದ್ದಾಗ ಮುರಿದದ್ದು ಹಾಗೆಯೇ ಕೂಡಿಕೊಂಡಿತ್ತು. ಬಳೆ ತೊಡಿಸುವವರು ಬಂದಾಗ ಆ ಕೈಗೆ ಒಂದು ಸುತ್ತು ದೊಡ್ಡ ಬಳೆ ಹುಡುಕಬೇಕಾಗುತ್ತಿತ್ತು. ಇದಕ್ಕಿಂತ ನನಗೆ ವಿಚಿತ್ರವಾಗಿ ಕಂಡದ್ದು ಬೇರೆ. ಆ ಮನೆಯಲ್ಲಿ ಅತ್ತೆ ಏನು ಮುಚ್ಚಿದರೂ ಯಾರಾದರೊಬ್ಬರು ಹೋಗಿ ಮತ್ತೊಮ್ಮೆ ಮುಚ್ಚುತ್ತಿದ್ದರು. ಬೀದಿ ಬಾಗಿಲಿನ ಅಗುಳಿ, ದೇವರ ಕೋಣೆಯ ಚಿಲಕ, ಕಡೆಗೆ ಉಪ್ಪಿನಕಾಯಿ ಭರಣಿಯ ಮುಚ್ಚಳ. ಯಾರೂ ಕೆಟ್ಟ ಮನಸ್ಸಿನಿಂದ ಮಾಡುತ್ತಿರಲಿಲ್ಲ. ಮಾವ ಕೂಡ ಕೆಟ್ಟವರಲ್ಲ. ಹೆಂಡತಿಗೆ ಜ್ವರ ಬಂದರೆ ಕೋರ್ಟಿಗೆ ಹೋಗದೆ ಗಂಜಿ ಕಾಯಿಸಿ ಕೊಡುವ ಮನುಷ್ಯ. ಅಭ್ಯಾಸವಾಗಿ ಹೋಗಿತ್ತು, ಅಷ್ಟೇ. ಮನೆಯಲ್ಲಿ ಒಬ್ಬರಿಗೆ ಒಂದು ಹಣೆಪಟ್ಟಿ ಅಂಟಿದರೆ ಅದನ್ನು ಕೀಳುವ ಉಸಾಬರಿಗೆ ಯಾರೂ ಹೋಗುವುದಿಲ್ಲ.

ಮಗ ಕಾರು ಕೇಳಿದಾಗ ಮಾವ ಸಂತೋಷದಿಂದಲೇ ಕೊಟ್ಟರು. ತೀರ್ಥಹಳ್ಳಿಯಿಂದ ಖಾಲಿ ಬರುತ್ತಿದ್ದ ಲಾರಿಗೆ ಕಟ್ಟಿ ಎಳೆಸಿಕೊಂಡು ಬಂದದ್ದಾಯಿತು. ಮರುದಿನ ಬೆಳಿಗ್ಗೆ ನಾನು ಬಾಗಿಲಿಗೆ ನೀರು ಹಾಕುತ್ತಿದ್ದರೆ, ಬಸ್ಸಿಳಿದು ಕೈಚೀಲ ಹಿಡಿದುಕೊಂಡು ಅತ್ತೆ ನಡೆದು ಬರುತ್ತಿದ್ದಾರೆ. ಕಾರು ರಿಪೇರಿ ಆಗುವವರೆಗೆ ಇಲ್ಲೇ ಇರುತ್ತೇನೆ ಎಂದರು. ಎಷ್ಟು ದಿನ ಹಿಡಿಯಬಹುದು ಎಂದು ನಾನು ನಮ್ಮವರನ್ನು ಗುಟ್ಟಾಗಿ ಕೇಳಿದೆ. ಒಂದು ತಿಂಗಳು ಎಂದರು. ಆಮೇಲೆ ನನಗೆ ತಿಳಿದದ್ದು, ಹಳೆಯ ಕಾರು ಬಿಚ್ಚಿದ ಗಂಡಸರು ಎಲ್ಲರೂ ಒಂದು ತಿಂಗಳು ಎಂದೇ ಹೇಳುತ್ತಾರೆ ಎಂದು. ಹೊಸ ಸಂಸಾರದ ಕನಸುಗಳಿಗೆ ನಾನು ಅವತ್ತೇ ಎಳ್ಳುನೀರು ಬಿಟ್ಟೆ. ಹಿತ್ತಲಿಗೆ ಹೋಗಿ ಸ್ವಲ್ಪ ಅತ್ತೂ ಬಂದೆ.

ಅಳುವ ಅಗತ್ಯ ಇರಲಿಲ್ಲ. ಅತ್ತೆ ಅಡುಗೆಮನೆಗೆ ಹೆಚ್ಚು ಬರಲೇ ಇಲ್ಲ. ಶೆಡ್ಡಿನಲ್ಲಿ ಒಂದು ಮಣೆ ಹಾಕಿಕೊಂಡು ಕೂತವರು ಮಗನನ್ನು ಪ್ರಶ್ನೆ ಕೇಳುತ್ತ ಇದ್ದುಬಿಟ್ಟರು. ಇದೆಂತದು, ಇದು ಎಂತಕ್ಕೆ, ಇದಿಲ್ಲದಿದ್ದರೆ ಎಂತ ಆಗುತ್ತದೆ. ಇಂಜಿನ್ನಿನ ಕಡೆ ಅವರು ತಿರುಗಿಯೂ ನೋಡಲಿಲ್ಲ. ಅವರಿಗೆ ಬೇಕಾದದ್ದು ಬಾಗಿಲುಗಳು. ಬೀಗದ ನಾಲಿಗೆ ಯಾವುದು, ಕಂಬದ ಮೇಲೆ ಅದು ಹೋಗಿ ಕೂರುವ ಗೂಡು ಯಾವುದು, ಹಿಡಿಕೆ ತಿರುಗಿಸಿದರೆ ಒಳಗೆ ಏನು ಎಳೆಯುತ್ತದೆ ಎಲ್ಲ ಅವರಿಗೆ ಕೆಲವೇ ವಾರದಲ್ಲಿ ಕರತಲಾಮಲಕವಾಯಿತು. ನಾನೂ ಕಾಫಿ ಕೊಡುವ ನೆಪದಲ್ಲಿ ಹೋಗಿ ನಿಲ್ಲುತ್ತಿದ್ದೆ. ಒಂದು ದಿನ ನಮ್ಮವರು ಇಲ್ಲದಾಗ ಕೇಳಿಯೇಬಿಟ್ಟೆ, ಅತ್ತೆ, ನಿಮ್ಮ ಕೈ ಮುರಿದ ಕಾರಿನ ಮೇಲೆ ನಿಮಗೇಕೆ ಇಷ್ಟು ಪ್ರೀತಿ ಎಂದು.

ಅವರು ಹಿಂದಿನ ಎಡಗಡೆ ಬಾಗಿಲು ನೋಡುತ್ತಲೇ ಹೇಳಿದರು: “ಪ್ರೀತಿ ಎಂತದೂ ಇಲ್ಲೆ ಮಾರಾಯ್ತಿ. ಅವತ್ತು ನಾ ಬಾಗ್ಲು ಹಾಕಿದ್ದೆ. ಹಾಕಿದ ಶಬ್ದ ನಂಗೆ ನೆನಪಿತ್ತು. ಆದ್ರೆ ಎಲ್ರೂ ಹಾಕಿರ್ಲಿಲ್ಲ ಅಂದ್ರು. ವರ್ಷಗಟ್ಲೆ ಹೇಳ್ತಾ ಹೇಳ್ತಾ ಈಗ ನಂಗೇ ಅನುಮಾನ. ತಪ್ಪು ನಂದೇ ಆಗಿದ್ರೂ ಅಡ್ಡಿಲ್ಲ. ಗೊತ್ತಾಗ್ಬೇಕು.”

ಅಲ್ಲಿಂದ ಮುಂದೆ ನಾನೂ ಒಂದು ಮಣೆ ಹಾಕಿಕೊಂಡೆ.

ಇಂಜಿನ್ನು ಸುಲಭವಾಗಿ ಸರಿಹೋಯಿತು. ಅಣೆಕಟ್ಟಿನ ಕಡೆಯ ಮೆಕ್ಯಾನಿಕ್ಕೊಬ್ಬ ಎರಡು ಮೂರು ಭಾನುವಾರ ಬಂದು ಅದನ್ನು ಗುಡುಗಿಸಿ ಹೋದ. ಗೋಳು ಹೊಯ್ದುಕೊಂಡದ್ದು ಬಾಗಿಲುಗಳು. ಮೊದಲು ನೋಡಿದಾಗ ನಾಲ್ಕೂ ಜೋತುಬಿದ್ದಿದ್ದವು. ಹಿಡಿಕೆ ಹಿಡಿದು ಎತ್ತಿದರೆ ಬಾಗಿಲೇ ಮೇಲೇಳುತ್ತಿತ್ತು. ಕೀಲಿನ ಗೂಟಗಳು ಸವೆದಿವೆ ಎಂದು ನಮ್ಮವರು ಹೊಸ ಗೂಟ ಕಡೆಸಿ ತಂದರು. ಗೆದ್ದಲು ತಿಂದ ಕಂಬಗಳ ಬುಡಕ್ಕೆ ಮಂಜಾಚಾರಿ ಎಂಬ ಬಡಗಿ ಸಾಗುವಾನಿ ಮರ ಕೂಡಿಸಿದ. ಬಿಚ್ಚುವಾಗಲೇ ಚಕ್ರ ತೆಗೆದು ಕಾರನ್ನು ಇಲ್ಲೂ ದಿಮ್ಮಿಗಳ ಮೇಲೆ ಏರಿಸಿದ್ದರು. ಬಾಗಿಲು ತೂಗಿಸಿ, ಸಂದಿ ಹೊಂದಿಸಿ, ನಾಲ್ಕೂ ಬಾಗಿಲು ಒಂದೇ ಬೆರಳಲ್ಲಿ ದೂಡಿದರೆ ಮುಚ್ಚುವ ಹಾಗಾದ ಮೇಲೆ ನಮ್ಮವರು ಅಕ್ಕಪಕ್ಕದವರನ್ನು ಕರೆದು ತೋರಿಸಿದರು. ಎಲ್ಲರಿಗೂ ಕೇಸರಿಬಾತು ಮಾಡಿ ಕೊಟ್ಟವಳು ನಾನು.

ಮರುದಿನ ಚಕ್ರ ಹಾಕಿ ಕಾರನ್ನು ನೆಲಕ್ಕಿಳಿಸಿದರೆ ನಾಲ್ಕರಲ್ಲಿ ಒಂದು ಬಾಗಿಲೂ ಮುಚ್ಚಲಿಲ್ಲ. ಒಂದು ಮೇಲೆ ಉಜ್ಜುತ್ತದೆ, ಒಂದು ಕೆಳಗೆ. ಒಂದಕ್ಕೆ ನಾಲಿಗೆಯೂ ಗೂಡೂ ಒಂದರ ಮುಖ ಒಂದು ನೋಡುವುದಿಲ್ಲ. ನಮ್ಮವರು ಅವತ್ತು ಊಟ ಬಿಟ್ಟರು. ಕಾರಣ ಹೊಳೆಯಲು ಕೆಲವು ದಿನ ಬೇಕಾಯಿತು. ದಿಮ್ಮಿಯ ಮೇಲೆ ಅದರ ಭಾರ ಬೀಳುವ ಜಾಗವೇ ಬೇರೆ, ಚಕ್ರದ ಮೇಲೆ ನಿಂತಾಗ ಬೀಳುವ ಜಾಗವೇ ಬೇರೆ. ಮಲಗಿಕೊಂಡು ಅಳತೆ ಕೊಟ್ಟ ರವಿಕೆ ಎದ್ದು ಕೂತಾಗ ಹಿಡಿದ ಹಾಗೆ. ಕಾರು ತನ್ನ ಕಾಲಿನ ಮೇಲೆ ನಿಂತು, ಸೀಟು ಹಾಕಿ, ಅದರಲ್ಲಿ ಜನ ಕೂತ ಮೇಲೆಯೇ ಬಾಗಿಲು ಹೊಂದಿಸಬೇಕು ಎಂಬುದು ನಮ್ಮ ಮನೆಯ ಮೊದಲ ಸಂಶೋಧನೆ. ಹಳೆಯ ಟೈರು ಕತ್ತರಿಸಿ ತುಂಡು ಮಾಡಿ, ಚಾಸಿಗೂ ಮರದ ಮೈಗೂ ನಡುವೆ ಇಡುವುದು ಶುರುವಾಯಿತು. ಹಿಂದೆ ಒಂದು ತುಂಡು ಹೆಚ್ಚು ಇಟ್ಟರೆ ಮುಂದಿನ ಬಾಗಿಲು ಸರಿಯಾಗುತ್ತಿತ್ತು, ಮುಂದೆ ಇಟ್ಟರೆ ಹಿಂದಿನದು ಕೆಡುತ್ತಿತ್ತು. ನಮ್ಮವರಿಗೆ ಇದು ಎಷ್ಟು ತಲೆಗೆ ಹತ್ತಿತೆಂದರೆ, ಊಟಕ್ಕೆ ಕೂತಾಗ ತಟ್ಟೆಯ ಕೆಳಗೆ ಹಪ್ಪಳದ ಚೂರು ಇಟ್ಟು ಎಲ್ಲಿ ಇಟ್ಟರೆ ಸಾರು ಯಾವ ಕಡೆ ಹರಿಯುತ್ತದೆ ಎಂದು ನೋಡುತ್ತಿದ್ದರು.

ಬಾಗಿಲು ಎಲ್ಲಿ ಉಜ್ಜುತ್ತದೆ ಎಂದು ಕಂಡುಹಿಡಿಯುವ ಉಪಾಯ ಮಾತ್ರ ನನ್ನದು. ಅರಿಶಿನ ಕಲಸಿ ಬಾಗಿಲಿನ ಅಂಚಿಗೆ ಹಚ್ಚಿ ಮುಚ್ಚಿ ತೆಗೆದರೆ, ತಾಗಿದ ಕಡೆ ಕಂಬದ ಮೇಲೆ ಹಳದಿ ಗುರುತು ಬೀಳುತ್ತದೆ. ಹೊಸ್ತಿಲಿಗೆ ದಿನಾ ಹಚ್ಚುವವಳಿಗೆ ಇದೇನು ದೊಡ್ಡ ವಿದ್ಯೆಯಲ್ಲ. ಆದರೂ ನಮ್ಮವರು ಒಂದು ಕ್ಷಣ ನನ್ನನ್ನು ಮೆಚ್ಚಿ ನೋಡಿದರು, ಆ ನೋಟ ನನಗೆ ಇನ್ನೂ ನೆನಪಿದೆ. ಎದುರು ಮನೆಯವರು, ಇವರು ಶುಕ್ರವಾರ ಮಂಗಳವಾರ ಎನ್ನದೆ ಕಾರಿಗೆ ಪೂಜೆ ಮಾಡುತ್ತಾರೆ, ಓಡುವ ಲಕ್ಷಣ ಮಾತ್ರ ಇಲ್ಲ ಎಂದು ಆಡಿಕೊಂಡರು. ಸಾಗರ ಗಂಧದ ಕೆತ್ತನೆಯ ಊರಲ್ಲವೇ, ನೋಡಲು ಬಂದ ಒಬ್ಬರು ಹೇಗೂ ಬಾಗಿಲೆಲ್ಲ ಮರದ್ದೇ, ಒಂದೊಂದರ ಮೇಲೆ ಒಂದೊಂದು ಆನೆ ಕೆತ್ತಿಸಿಬಿಡಿ ಎಂದು ಸಲಹೆ ಕೊಟ್ಟು ಹೋದರು. ಸಲಹೆಗೆ ನಮ್ಮಲ್ಲಿ ಯಾವತ್ತೂ ಬರ ಇರಲಿಲ್ಲ.

ಅಂತೂ ಜ್ಯೇಷ್ಠ ಮಾಸದ ಹೊತ್ತಿಗೆ ನಾಲ್ಕೂ ಬಾಗಿಲು ಒಂದು ಹದಕ್ಕೆ ಬಂದವು. ಮಳೆ ಹಿಡಿಯಿತು. ಆಷಾಢದಲ್ಲಿ ನೋಡಿದರೆ ಮೂರು ಬಾಗಿಲು ಉಬ್ಬಿಕೊಂಡು ಬಿಗಿದುಬಿಟ್ಟಿವೆ. ಎಳೆದರೆ ತೆರೆಯುವುದಿಲ್ಲ, ತೆರೆದರೆ ಮುಚ್ಚುವುದಿಲ್ಲ. ಹಿಂದಿನ ಎಡಗಡೆಯದು ಮಾತ್ರ, ಅತ್ತೆಯನ್ನು ಬೀಳಿಸಿದ ಅದೇ ಬಾಗಿಲು, ಬೆಣ್ಣೆಯ ಹಾಗೆ ಮುಚ್ಚುತ್ತಿತ್ತು. ನಮ್ಮವರು ಅದನ್ನು ಹೊಗಳಿದ್ದೇ ಹೊಗಳಿದ್ದು. ಉಳಿದ ಮೂರನ್ನೂ ಇದರ ಹಾಗೇ ಮಾಡಿಬಿಡೋಣ ಎಂದು ಮಂಜಾಚಾರಿಗೆ ಹೇಳಿ ಕಳಿಸಿದರು.

ನಮ್ಮ ಕಡೆಯವರಿಗೆ ಇದರಲ್ಲಿ ವಿಶೇಷ ಏನೂ ಕಾಣುವುದಿಲ್ಲ. ಆಷಾಢ ಬಂತೆಂದರೆ ಎಲ್ಲರ ಮನೆಯ ಬಾಗಿಲೂ ಹಿಡಿಯುತ್ತದೆ. ಆಚಾರಿ ಬರುತ್ತಾನೆ, ಉಜ್ಜುಗೊರಡು ಹಾಕಿ ಎರಡು ಸಿಪ್ಪೆ ಎತ್ತುತ್ತಾನೆ, ಕಾಫಿ ಕುಡಿದು ಹೋಗುತ್ತಾನೆ. ಬೇಸಿಗೆಯಲ್ಲಿ ಅದೇ ಬಾಗಿಲು ಒಣಗಿ, ಸಂದಿಯಲ್ಲಿ ಹಲ್ಲಿ ಓಡಾಡುವಷ್ಟು ಜಾಗವಾಗುತ್ತದೆ. ಮನೆಯ ಬಾಗಿಲಿಗೆ ಗೇಣುದ್ದದ ಅಗುಳಿ ಇರುವುದರಿಂದ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ನನಗೂ ಅವತ್ತು ಏನೂ ಅನಿಸಲಿಲ್ಲ. ಮಂಜಾಚಾರಿ ಮುಂದಿನ ಬಾಗಿಲಿನ ತಗಡಿನ ಅಂಚು ಎತ್ತಿ ಉಜ್ಜುಗೊರಡು ಇಡುವುದರಲ್ಲಿದ್ದ. ಅತ್ತೆ ಮಣೆಯಿಂದ ಎದ್ದು ನಿಂತರು. ಇದು ಬೇಸಿಗೆಯಲ್ಲಿ ಎಷ್ಟು ಒಣಗುತ್ತದೆ ಎಂದು ಕೇಳಿದರು. ಅವನು ಹೆಬ್ಬೆರಳಿನ ಉಗುರು ತೋರಿಸಿ ಇಷ್ಟಾದರೂ ಆಗುತ್ತದೆ ಅಮ್ಮ ಎಂದ.

ಅತ್ತೆ ಕಾರು ಸುತ್ತಿಕೊಂಡು ಆ ಕಡೆಗೆ ಹೋದರು. “ಸುಬ್ಬು, ಮೂರು ಬಾಗ್ಲು ಹಿಡೀತದೆ, ಇದೊಂದು ಎಂತಕ್ಕೆ ಹಿಡೀತಿಲ್ಲ? ಇದ್ರ ತಗಡು ಬಿಚ್ಚಿ ನೋಡು” ಎಂದು ಮಗನಿಗೆ ಹೇಳಿದರು.

ಬಿಚ್ಚಿದಾಗ ನಾನು ಅಲ್ಲೇ ಇದ್ದೆ. ಉಳಿದ ಬಾಗಿಲುಗಳ ತಗಡಿನ ಒಳಗೆ ಮರಕ್ಕೆ ಕರಿ ಬಣ್ಣ ಬಳಿದಿತ್ತು, ವಿಲಾಯಿತಿಯವರೇ ಬಳಿದದ್ದು. ಇದರ ಬೀಗದ ಕಡೆಯ ಅಂಚಿನಲ್ಲಿ ಬಣ್ಣವಿಲ್ಲ, ಬರೀ ಮರ. ಅದರ ಮೇಲೆ ಉಜ್ಜುಗೊರಡು ಓಡಿದ ಗುರುತು ಮೇಲಿಂದ ಕೆಳಗಿನವರೆಗೆ. ತಗಡನ್ನು ಮತ್ತೆ ಮಡಿಸಿ ಹೊಡೆದ ಮೊಳೆಗಳು ನಮ್ಮ ಸಂತೆಯ ಮೊಳೆಗಳು. ಅತ್ತೆ ಅದರಲ್ಲೊಂದು ಮೊಳೆ ಕೈಗೆತ್ತಿಕೊಂಡು ಹೇಳಿದರು. ಅವರು ಬಿದ್ದ ಬೇಸಿಗೆಯ ಹಿಂದಿನ ಮಳೆಗಾಲದಲ್ಲಿ ತೀರ್ಥಹಳ್ಳಿಯ ಮನೆಯ ಬಾಗಿಲು ಕೆತ್ತಲು ಆಚಾರಿ ಬಂದಿದ್ದನಂತೆ. ಮಾವ ಅವನನ್ನು ಕಾರಿನ ಹತ್ತಿರಕ್ಕೂ ಕರೆದುಕೊಂಡು ಹೋಗಿದ್ದರಂತೆ. ತಾವೇ ಅವನಿಗೆ ಕಾಫಿ ತಂದುಕೊಟ್ಟ ನೆನಪು ಅತ್ತೆಗೆ.

ಮಳೆಗಾಲದಲ್ಲಿ ಕೆತ್ತಿದ ಬಾಗಿಲು ಬೇಸಿಗೆಯಲ್ಲಿ ಕುಗ್ಗಿ, ನಾಲಿಗೆ ಗೂಡು ಬಿಟ್ಟಿರಬೇಕು. ನನಗೆ ಸಿಟ್ಟು ನೆತ್ತಿಗೇರಿತು. ಆಗಲೇ ಮಾವನಿಗೆ ಕಾಗದ ಬರೆಯಬೇಕು ಎಂದೆ. ಅತ್ತೆ ತಡೆದರು. “ಬೇಸ್ಗೆ ಬರ್ಲಿ. ಒಣಗಿದ ಮೇಲೆ ನಾಲ್ಗೆ ಹಿಡೀತದೋ ಇಲ್ವೋ ನೋಡಣ. ಈಗ್ಲೇ ಹೇಳಿದ್ರೆ ನಾನೂ ವಿಚಾರಣೆ ಇಲ್ದೆ ತೀರ್ಪು ಕೊಟ್ಟಂಗೆ ಆಗ್ತದೆ” ಎಂದರು. ವಕೀಲರ ಮನೆಯಲ್ಲಿ ಅಷ್ಟು ವರ್ಷ ಬಾಳಿದವರು.

ಮಂಜಾಚಾರಿ ಉಜ್ಜುಗೊರಡು ಚೀಲಕ್ಕೆ ಹಾಕಿಕೊಂಡು ಹೋದ. ದೀಪಾವಳಿ ಕಳೆದು ಮರ ಒಣಗಿದ ಮೇಲೆ ಬಂದು ಮೂರು ಬಾಗಿಲುಗಳ ಮರಕ್ಕೆ ಎಣ್ಣೆ ಕುಡಿಸಿ, ನೀರು ಇಳಿಯದ ಹಾಗೆ ಬಣ್ಣ ಬಳಿದು ತಗಡು ಹೊದಿಸಿದ. ನಾಲ್ಕನೆಯದಕ್ಕೆ ಕೂಡಿಸಬೇಕಾದ ಸಾಗುವಾನಿ ಪಟ್ಟಿಯನ್ನೂ ಕೆತ್ತಿ ಇಟ್ಟ. ಆದರೆ ಮಾವ ಬಂದು ನೋಡುವವರೆಗೆ ಆ ಬಾಗಿಲು ಮುಟ್ಟಕೂಡದು ಎಂದು ಅತ್ತೆಯ ಕಟ್ಟಪ್ಪಣೆ.

ಅವರು ಕಾಯುತ್ತ ಸುಮ್ಮನೆ ಕೂರಲಿಲ್ಲ. ಆಗಾಗ ಹಳೆಯ ಪತ್ರಿಕೆಯಿಂದ ಒಂದು ಪಟ್ಟಿ ಹರಿದು, ಆ ಬಾಗಿಲಿನ ಸಂದಿಯಲ್ಲಿಟ್ಟು ಮುಚ್ಚಿ, ಹೊರಗಿನಿಂದ ಎಳೆಯುತ್ತಿದ್ದರು. ಶ್ರಾವಣದಲ್ಲಿ ಕಾಗದ ಹರಿಯುತ್ತಿತ್ತು. ಕಾರ್ತಿಕದಲ್ಲಿ ಹರಿಯದೆ ಬರತೊಡಗಿತು. ಸಂಕ್ರಾಂತಿಗೆ ಮಡಿಸಿ ಇಟ್ಟರೂ ಜಾರಿ ಬಂತು. ನನಗೂ ಆ ಹುಚ್ಚು ಹಿಡಿಯಿತು. ಒಲೆಯ ಮೇಲೆ ಹಾಲು ಉಕ್ಕಿದರೂ ಗಮನವಿಲ್ಲ, ಕಾಗದದ ಪಟ್ಟಿ ಹಿಡಿದು ಶೆಡ್ಡಿಗೆ ಓಡುವುದು. ಶಿವರಾತ್ರಿ ಕಳೆದ ಮೇಲೆ ಕತ್ತು ಬಗ್ಗಿಸಿ ನೋಡಿದರೆ ನಾಲಿಗೆ ಗೂಡಿನ ಅಂಚನ್ನು ಬರೀ ತುದಿಯಲ್ಲಿ ಮುಟ್ಟಿಕೊಂಡಿತ್ತು. ಹೊರಗಿನಿಂದ ಮಾತ್ರ ಏನೂ ತಿಳಿಯುತ್ತಿರಲಿಲ್ಲ. ಮುಚ್ಚಿದರೆ ಮುಚ್ಚಿದ ಶಬ್ದವೇ ಬರುತ್ತಿತ್ತು. ಎಳೆದರೂ ಬಾಗಿಲು ತೆರೆಯುತ್ತಿರಲಿಲ್ಲ.

ಕೋರ್ಟಿಗೆ ಬೇಸಿಗೆ ರಜ ಬಂದಾಗ ಮಾವ ಬಸ್ಸು ಹತ್ತಿ ಬಂದರು. ಕಾರು ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಮಾವ ಸುತ್ತ ಓಡಾಡಿ, ಬೋನೆಟ್ಟು ಸವರಿ, ಮಗನ ಬೆನ್ನು ತಟ್ಟಿದರು. ಒಂದು ಸುತ್ತು ಹೋಗಿ ಬರೋಣ ಎಂದರು. ಅತ್ತೆ ತಾನು ಬರುವುದಿಲ್ಲ, ತನ್ನ ಜಾಗದಲ್ಲಿ ಅಕ್ಕಿ ಮೂಟೆ ಇಟ್ಟುಕೊಂಡು ಹೋಗಿ ಎಂದರು. ನಮ್ಮವರು ಒಂದು ಮೂಟೆ ಹೊತ್ತು ತಂದು ಹಿಂದಿನ ಸೀಟಿನಲ್ಲಿ ಎಡಗಡೆಗೆ, ಬಾಗಿಲಿಗೆ ಒರಗಿಸಿ ಕೂರಿಸಿದರು. ಇದೆಂತ ಹೊಸ ಶಾಸ್ತ್ರ ಎಂದು ಮಾವ ಕೇಳಿದರು. ಭಾರ ಹಾಕಿ ನೋಡಬೇಕು ಎಂದಷ್ಟೇ ನಮ್ಮವರು ಹೇಳಿದರು.

“ಬಾಗ್ಲು ನೀವೇ ಹಾಕಿ” ಎಂದರು ಅತ್ತೆ.

ಮಾವ ಖುಷಿಯಿಂದಲೇ ಹಾಕಿದರು. ಹಿಡಿಕೆ ಹಿಡಿದು ಎಳೆದು ನೋಡಿದರು. ಎದುರು ಮನೆಯವರಿಗೂ ಕೇಳುವ ಹಾಗೆ, ಬಾಗಿಲು ಹಾಕುವುದು ಎಂದರೆ ಹೀಗೆ ಎಂದು ಹೇಳಿ, ನಗುತ್ತ ಮುಂದಿನ ಸೀಟಿನಲ್ಲಿ ಕೂತರು. ಕಾರು ಹೊಸನಗರದ ರಸ್ತೆಯ ಕಡೆಗೆ ಹೋಯಿತು.

ನಾವಿಬ್ಬರೂ ಜಗಲಿಯಲ್ಲಿ ಕೂತೆವು. ಅತ್ತೆಯ ಕೈ ಯಾವತ್ತೂ ಖಾಲಿ ಇರುವುದಿಲ್ಲ. ಬತ್ತಿಯೋ, ಹುಣಿಸೆಹಣ್ಣೋ ಏನಾದರೊಂದು ಇರಲೇಬೇಕು. ಅವತ್ತು ಏನೂ ಇರಲಿಲ್ಲ. ಮೂಟೆ ಬೀಳದೆ ಹಾಗೆಯೇ ವಾಪಸು ಬಂದರೆ ಏನು ಗತಿ ಎಂದು ನಾನು ಬಾಯಿಬಿಟ್ಟೇ ಕೇಳಿದೆ. ಬೀಳದಿದ್ದರೆ ತನ್ನದೇ ತಪ್ಪು ಎಂದಾಯಿತು, ಅದೂ ಒಂದು ಉತ್ತರವೇ ಎಂದರು ಅತ್ತೆ. ಹಾಗೆ ಹೇಳಿದರೇ ಹೊರತು ಕಣ್ಣು ರಸ್ತೆಯಿಂದ ಕೀಳಲಿಲ್ಲ. ಅಕ್ಕಿ ಮೂಟೆ ಬೀಳಲೆಂದು ನಾನು ಮನೆದೇವರಿಗೆ ಹರಕೆ ಹೊತ್ತೆ. ಅಂಥ ಹರಕೆ ಆ ದೇವರಿಗೂ ಹೊಸದೇ ಇರಬೇಕು.

ದಾರಿಯಲ್ಲಿ ನಡೆದದ್ದನ್ನು ನಮ್ಮವರು ನನಗೆ ಆಮೇಲೆ ಹೇಳಿದರು. ಊರು ದಾಟಿ ಒಂದು ಬಲ ತಿರುವಿನಲ್ಲಿ ಮೂಟೆ ಬಾಗಿಲಿನ ಮೇಲೆ ಭಾರ ಬಿಟ್ಟಿತು. ಆ ಬಾಗಿಲಿನ ಕೀಲು ಹಿಂದಕ್ಕೆ, ಬೀಗ ಮುಂದಕ್ಕಿತ್ತು. ನಾಲಿಗೆ ಜಾರಿದ್ದೇ ಗಾಳಿ ಹೊಕ್ಕು ಬಾಗಿಲನ್ನು ಪೂರ್ತಿ ಹಿಂದಕ್ಕೆ ಎಸೆಯಿತು. ಮೂಟೆ ರಸ್ತೆಗೆ ಬಿದ್ದು ಒಡೆಯಿತು. ಮಾವ ಇಳಿದು ಮೂಟೆಯ ಹತ್ತಿರ ಹೋದರಂತೆ. ನಮ್ಮವರು ತಗಡಿನ ಅಂಚು ಎತ್ತಿ ಮರ ತೋರಿಸಿದರು. ಮಾವನಿಗೆ ಆ ಆಚಾರಿ ನೆನಪಾದ. ಮಳೆಗಾಲದಲ್ಲಿ ಬಾಗಿಲು ಬಿಗಿಯಾದರೆ ಕೆತ್ತಿಸದೆ ಇನ್ನೇನು ಮಾಡುತ್ತಾರೆ ಎಂದರಂತೆ. ಆಮೇಲೆ ಪಂಚೆ ಎತ್ತಿ ಕಟ್ಟಿ, ರಸ್ತೆಯ ಮೇಲೆ ಕುಕ್ಕರಗಾಲಲ್ಲಿ ಕೂತು, ಚೆಲ್ಲಿದ ಅಕ್ಕಿಯನ್ನು ಬೊಗಸೆಯಲ್ಲಿ ತುಂಬಿಕೊಂಡರಂತೆ. ನಮ್ಮವರು ಬಿಡಿ ಅಪ್ಪ ಎಂದರೂ ಬಿಡಲಿಲ್ಲವಂತೆ.

ಕಾರು ನಿಧಾನವಾಗಿ ಬಂತು. ಹಿಂದಿನ ಎಡಗಡೆ ಬಾಗಿಲನ್ನು ಮಾವನ ಶಲ್ಯದಿಂದ ಕಂಬಕ್ಕೆ ಬಿಗಿದಿದ್ದರು. ಮಾವ ಇಳಿದರು. ಅವರ ಟವೆಲ್ಲಿನಲ್ಲಿ ಮಣ್ಣು ಬೆರೆತ ಅಕ್ಕಿಯ ಗಂಟಿತ್ತು. ಜಗಲಿ ಹತ್ತದೆ ಕೆಳಗೇ ನಿಂತುಕೊಂಡರು.

“ನಾನೇ ಹಾಕಿದ್ದೆ” ಎಂದರು. “ಎಳ್ದೂ ನೋಡಿದ್ದೆ.”

“ಅವತ್ತು ನಾನೂ ಹಾಕಿದ್ದೆ” ಎಂದರು ಅತ್ತೆ.

ಮಾವ ತಲೆಯಾಡಿಸಿದರು. ಅವರ ಕಣ್ಣು ಅತ್ತೆಯ ಎಡಗೈ ಮೇಲೆ ಹೋಯಿತು. ಅಷ್ಟು ವರ್ಷದಲ್ಲಿ ಅವರು ಆ ಕಥೆಯನ್ನು ಎಷ್ಟು ಜನರಿಗೆ ಹೇಳಿರಬಹುದೋ, ಈ ಒಂದು ಪ್ರಶ್ನೆಯನ್ನು ಮಾತ್ರ ಕೇಳಿರಲಿಲ್ಲ ಎಂದು ನನಗೆ ಆಗ ಗೊತ್ತಾಯಿತು.

“ತುಂಬ ನೋವಾಗಿತ್ತಾ ಅವತ್ತು?”

ಅತ್ತೆ ಎದ್ದು ಬಂದು ಅವರ ಕೈಯಿಂದ ಅಕ್ಕಿಯ ಗಂಟು ತೆಗೆದುಕೊಂಡರು.

“ಕೈಗೆ ಅಷ್ಟೇನಿಲ್ಲ” ಎಂದರು.